ಕೊಲ್ಕತ್ತಾದಲ್ಲಿ ತೂಕಕ್ಕೆ ನಿಂತ ಮನೆ

ಹೌರಾ

ಕೊಲ್ಕತ್ತಾ ಪರದೇಶವಲ್ಲ ಎಂದು ನನಗೆ ಯಾರೂ ಹೇಳಬೇಡಿ. ಪಾಸ್‌ಪೋರ್ಟ್ ಕೇಳಲಿಲ್ಲ, ನೋಟು ಬದಲಾಯಿಸಲಿಲ್ಲ, ನಿಜ. ಆದರೆ ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಎರಡು ರಾತ್ರಿ ಕಳೆದು ಹೌರಾದಲ್ಲಿ ಇಳಿದಾಗ ನನ್ನ ಕನ್ನಡ ಜೇಬಿನಲ್ಲಿದ್ದ ಮನೆಯ ಕೀಲಿಯ ಹಾಗಾಗಿತ್ತು. ಇದೆ, ಆದರೆ ಅಲ್ಲಿಯ ಯಾವ ಬಾಗಿಲಿಗೂ ಹತ್ತುವುದಿಲ್ಲ.

ಪ್ಲಾಟ್‌ಫಾರ್ಮಿನಲ್ಲೇ ಮೊದಲನೇ ಗಾಬರಿ. ನಾಲ್ಕು ಜನ ಹಮಾಲರು ಒಂದು ಕಬ್ಬಿಣದ ಕಪಾಟನ್ನು ತಲೆಯ ಮೇಲೆ ಹೊತ್ತು ಓಡುತ್ತಿದ್ದರು. ನಡೆಯುತ್ತಿರಲಿಲ್ಲ, ಓಡುತ್ತಿದ್ದರು. ನಾಲ್ವರ ಹೆಜ್ಜೆ ಒಂದೇ ತಾಳಕ್ಕೆ ಬೀಳುತ್ತಿತ್ತು. ನಮ್ಮಲ್ಲಿ ಅಂಥ ಕಪಾಟು ಸರಿಸಬೇಕಾದರೆ ಒಂದು ತಳ್ಳುಗಾಡಿ, ಇಬ್ಬರು ಹಿಡಿಯುವವರು, ಮೂವರು ಬುದ್ಧಿ ಹೇಳುವವರು ಬೇಕು. ನಾನು ಬಾಯಿ ತೆರೆದು ನಡುದಾರಿಯಲ್ಲಿ ನಿಂತೆ. ಕೊಲ್ಕತ್ತಾದಲ್ಲಿ ನಡುದಾರಿಯಲ್ಲಿ ನಿಲ್ಲಬಾರದು. ಹಿಂದಿನಿಂದ ಬಂದ ಜನ ನನ್ನನ್ನು ಬ್ಯಾಗಿನ ಸಮೇತ ಎತ್ತಿಕೊಂಡು ಹೋದಂತೆ ಗೇಟಿನ ಹೊರಗೆ ತಂದು ಬಿಟ್ಟರು. ನೋಡಿಕೊಂಡರೆ ಬಲಗಾಲಿನ ಚಪ್ಪಲಿ ಇಲ್ಲ.

ನನ್ನನ್ನು ಕರೆದೊಯ್ಯಲು ಬಂದ ಕುಲಕರ್ಣಿ ಸಾಹೇಬರು ಮೊದಲು ನನ್ನ ಕಾಲು ನೋಡಿದರು, ಆಮೇಲೆ ಮುಖ. "ಇರ್ಲಿ ಬಿಡು ಇಮಾಮ್‌ಸಾಬ್. ಈ ಊರಿಗೆ ಮೊದಲ ಸಲ ಬಂದವರು ಒಂದು ಚಪ್ಪಲಿ ಕೊಟ್ಟ ಒಳಗ ಬರಬೇಕು" ಎಂದರು.

ನಾನು ಯಾರು ಎಂದು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಲಾರಿಗೆ ಬಾಡಿ ಕಟ್ಟುವವನು. ಏಳನೇ ತರಗತಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಹಿಡಿದವನು ನಲವತ್ತು ವರ್ಷವಾದರೂ ಬಿಟ್ಟಿಲ್ಲ. ನಾನು ಕಟ್ಟಿದ ಬಾಡಿ ಬಿರಿಯಿತು, ಸಡಿಲಾಯಿತು ಎಂದು ಯಾರೂ ನನ್ನ ಶೆಡ್ಡಿಗೆ ತಿರುಗಿ ಬಂದದ್ದಿಲ್ಲ. ಇದನ್ನು ಮೊದಲೇ ಬರೆದಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಇಷ್ಟು ಚೆಂದವಿಲ್ಲ.

ಕುಲಕರ್ಣಿ ಸಾಹೇಬರು ಧಾರವಾಡದವರು. ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಮೂವತ್ತೈದು ವರ್ಷ ದುಡಿದು ಕೊಲ್ಕತ್ತಾದಲ್ಲೇ ನಿವೃತ್ತರಾದರು. ಹೋದ ವರ್ಷ ಊರಿಗೆ ಬಂದಾಗ ನನ್ನ ಶೆಡ್ಡಿಗೆ ಬಂದು ಒಂದು ವಿಚಿತ್ರ ಕೆಲಸ ಹೇಳಿದರು. ಪಿಕಪ್ ಗಾಡಿಯ ಹಿಂಭಾಗದಲ್ಲಿ ಕೂರುವಂಥ ಒಂದು ಪುಟ್ಟ ಮನೆ. ಒಳಗೆ ಹಾಸಿಗೆ, ಒಲೆ, ನೀರಿನ ಟ್ಯಾಂಕು. ನಾಲ್ಕು ಮೂಲೆಗೆ ನಾಲ್ಕು ಕಾಲು, ಹಿಡಿ ತಿರುಗಿಸಿದರೆ ಕಾಲು ಕೆಳಗಿಳಿಯಬೇಕು. ಕಾಲು ಇಳಿದ ಮೇಲೆ ಪಿಕಪ್ಪನ್ನು ಮುಂದಕ್ಕೆ ತೆಗೆದುಕೊಂಡರೆ ಮನೆ ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು. ಮತ್ತೆ ಹೊರಡುವಾಗ ಗಾಡಿ ಹಿಂದಕ್ಕೆ ಬಂದು ಮನೆಯ ಅಡಿ ತೂರಿಕೊಂಡರೆ ಆಯಿತು. ನಕ್ಷೆಯನ್ನೂ ಅವರೇ ತಂದಿದ್ದರು. ತೆಳು ಮರದ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡು ಎಂದು ಬರೆದಿತ್ತು.

ಅದನ್ನು ನೋಡಿ ನಾನು ಒಳಗೊಳಗೇ ನಕ್ಕೆ. ಕಡ್ಡಿಪೆಟ್ಟಿಗೆ ಮಾಡಿಸುವ ಆಸೆಯೇ ಇವರಿಗೆ ಎಂದುಕೊಂಡೆ. ಅವರಿಗೆ ಹೇಳದೆ ಎಲ್ಲವನ್ನೂ ಒಂದು ಕೈ ಹೆಚ್ಚು ಮಾಡಿದೆ. ಮರದ ಜಾಗಕ್ಕೆ ಕಬ್ಬಿಣದ ಸ್ಕ್ವೇರ್ ಪೈಪು, ತೆಳು ಪ್ಲೈವುಡ್ಡಿನ ಜಾಗಕ್ಕೆ ದಪ್ಪನೆಯದು, ಕಪಾಟಿಗೆ ಸಾಗವಾನಿ, ಅದರ ಬಾಗಿಲಿಗೆ ನಾನೇ ಕೆತ್ತಿದ ಹೂಬಳ್ಳಿ. ಮುಗಿದ ಮೇಲೆ ಕ್ರೇನಿನವನು ಎತ್ತಿ ಲಾರಿಗೆ ಇಡುವಾಗ "ಭಾಳ ವಜ್ಜ ಐತಿ ಚಾಚಾ" ಎಂದ. ಭಾರ ಎಂದದ್ದನ್ನು ನಾನು ಹೊಗಳಿಕೆ ಎಂದು ತಿಳಿದು ಅವನಿಗೆ ಚಹಾ ಕುಡಿಸಿದೆ.

ಸಾಹೇಬರು ಫೋನಿನಲ್ಲಿ ತೂಕ ಕೇಳಿದಾಗ ಕಣ್ಣಳತೆಯಲ್ಲೇ ಹೇಳಿದೆ: "ಎಂಟ ನೂರು ಕಿಲೋರೀ. ಅದಕ್ಕ ಒಂದು ಗ್ರಾಮ್ ಮ್ಯಾಲ ಇದ್ರ ನಾನ ಕೊಡ್ಲಿ ತಗೊಂಡು ಒಡೀತೀನಿ." ಲಾರಿ ಬಾಡಿ ಕಟ್ಟುವ ನಾವು ಯಾರೂ ಬಾಡಿಯನ್ನು ತೂಗುವುದಿಲ್ಲ. ಸುತ್ತಿಗೆಯಿಂದ ಬಡಿದು ಸದ್ದು ಕೇಳುತ್ತೇವೆ, ಅಷ್ಟೇ.

ಮನೆ ಲಾರಿಯಲ್ಲಿ ಮುಂದಾಗಿ ಹೋಗಿತ್ತು. ಅದನ್ನು ಹೊರುವ ಪಿಕಪ್ಪನ್ನು ಆರಿಸಿ, ಕೂರಿಸಿ ಕೊಡಲು ನಾನು ಬಂದದ್ದು.

ಲೇಕ್ ಗಾರ್ಡನ್ಸ್

ಸಾಹೇಬರ ಮನೆ ರೈಲ್ವೆ ಹಳಿಗೆ ಹತ್ತಿರ. ಲೋಕಲ್ ರೈಲು ಹೋದಾಗಲೆಲ್ಲ ಅಡುಗೆಮನೆಯ ಡಬ್ಬಿಗಳು ಮಾತಾಡುತ್ತವೆ. ಸಾಹೇಬರ ಹೆಂಡತಿ ವಿಮಲಕ್ಕಾರು ನನಗೆ ಊಟಕ್ಕೆ ಬಡಿಸಿದರು. ಬೇಳೆ ಬಾಯಿಗಿಟ್ಟೆ, ಸಿಹಿ. ಪಲ್ಯವೂ ಸಿಹಿ. ಕಾಯಿಲೆ ಬಂತೇನೋ ಎಂದು ನಾಲಿಗೆ ಮುಟ್ಟಿ ನೋಡಿಕೊಂಡೆ. ಅಕ್ಕಾರು ನಕ್ಕು ಒಳಗಿನಿಂದ ಕೆಂಪು ಚಟ್ನಿಯ ಡಬ್ಬಿ ತಂದಿಟ್ಟರು. "ನಮ್ಮ ಪಾಡಾದಾಗ ಎಲ್ಲಾರೂ ಹಿಂಗ ಉಣ್ತಾರ. ನನಗೂ ರೂಢಿ ಆಗೇದ" ಎಂದರು. ಪಾಡಾ ಎಂದರೆ ಅಲ್ಲಿ ಓಣಿ.

ಊಟವಾದ ಮೇಲೆ ಅಕ್ಕಾರು ಒಂದು ನೋಟ್‌ಬುಕ್ ತೋರಿಸಿದರು. ಹಳೆಯದು, ಹೊದಿಕೆ ಹರಿದಿದೆ. ಅದರಲ್ಲಿ ಊರುಗಳ ಪಟ್ಟಿ ಇದೆ ಎಂದುಕೊಂಡೆ, ಆದರೆ ಹೆಸರುಗಳಿರಲಿಲ್ಲ. 'ಕೆಂಪು ಇಟ್ಟಂಗಿಯ ಸಿಗ್ನಲ್ ಕ್ಯಾಬಿನ್, ಹಿಂದ ಕೆರಿ, ಕೆರಿ ತುಂಬ ಬಿಳೇ ನೈದಿಲೆ.' 'ಗುಡ್ಡದ ಮ್ಯಾಲ ಒಂದ ಮನಿ.' 'ಹಳದೀ ಗ್ವಾಡಿ ಸಾಲಿ, ಹುಡುಗ್ರು ಕೈ ಬೀಸತಾವ.' ಹೀಗೆ ಪುಟಗಟ್ಟಲೆ.

"ಮೂವತ್ತು ವರ್ಷ ಇವರ ಪಾಸಿನ ಮ್ಯಾಲ ಧಾರವಾಡಕ್ಕ ಹೋಗಿಬಂದೀನಿ" ಎಂದರು ಅಕ್ಕಾರು. "ಗಾಡಿ ನಿಲ್ಲದ ಊರು ಇವೆಲ್ಲಾ. ಹೆಸರಿನ ಬೋರ್ಡು ಓದೂದರಾಗ ದಾಟಿ ಹೋಗ್ತಾವ. ಒಂದರಾಗೂ ಇಳಿದಿಲ್ಲ, ಇಮಾಮ್‌ಸಾಬ್. ಈಗ ಒಂದೊಂದರಾಗ ಇಳೀತೀನಿ."

ಹೋಟೆಲು ಇಲ್ಲದ ಊರುಗಳು. ಅದಕ್ಕೇ ಮನೆಯನ್ನು ಹೊತ್ತುಕೊಂಡು ಹೋಗಬೇಕು. ಆ ಮನೆಗೆಂದು ಪರದೆ ಹೊಲಿದಿಟ್ಟಿದ್ದರು, ಎರಡು ಕಪ್ಪು, ಎರಡು ತಾಟು ತೆಗೆದಿಟ್ಟಿದ್ದರು. ಅದನ್ನೆಲ್ಲ ನೋಡಿ ನನಗೆ ಹೆಮ್ಮೆಯಾಯಿತು. ನೂರು ವರ್ಷ ಬಾಳುತ್ತದೆ ಅಕ್ಕಾರ ಎಂದು ಎದೆ ತಟ್ಟಿ ಹೇಳಿದೆ.

ದಕ್ಷಿಣೇಶ್ವರ

ಮನೆಯನ್ನು ಇಳಿಸಿದ್ದು ದಕ್ಷಿಣೇಶ್ವರದಲ್ಲಿ, ನದಿದಂಡೆಯ ಒಂದು ಯಾರ್ಡಿನಲ್ಲಿ. ಅದು ಹಾರಾಧನ್ ಎಂಬ ಹಳೆಯ ಮಿಸ್ತ್ರಿಯದು. ಕೊಲ್ಕತ್ತಾದ ಖಾಸಗಿ ಬಸ್ಸುಗಳಿಗೆ ಬಾಡಿ ಕಟ್ಟುವವನು. ಅಂದರೆ ಕಸುಬಿನಲ್ಲಿ ನನ್ನ ಜಾತಿಯವನೇ. ಸಾಹೇಬರ ಪರಿಚಯ.

ಒಳಗೆ ಕಾಲಿಟ್ಟು ನೋಡಿದೆ. ನನ್ನ ಮನೆ ಕುಡಿದವನ ಹಾಗೆ ಒಂದು ಕಡೆ ವಾಲಿ ನಿಂತಿತ್ತು. ಮುಂದಿನ ಎರಡು ಕಾಲು ಒಂದು ಗೇಣು ನೆಲದೊಳಗೆ ಇಳಿದುಹೋಗಿದ್ದವು.

ನಾನು ಕೂಡಲೇ ಮಣ್ಣನ್ನು ಬೈದೆ. ಇದೆಂಥ ನೆಲ, ಹಿಟ್ಟಿನ ಹಾಗಿದೆ, ನಮ್ಮ ಕಡೆ ನೆಲಕ್ಕೆ ಗುದ್ದಲಿ ಹಾಕಿದರೆ ಕಿಡಿ ಬರುತ್ತದೆ ಎಂದೆಲ್ಲ ಹೇಳಿದೆ. ನನ್ನದು ಹುಬ್ಬಳ್ಳಿಯ ಉರ್ದು, ಹಾರಾಧನನದು ಬಂಗಾಳಿ ಬೆರೆತ ಹಿಂದಿ. ಆದರೂ ಬೈಗುಳ ತಿಳಿಯಿತು ಎಂದು ಕಾಣುತ್ತದೆ. ಅವನು ಬೀಡಿ ತೆಗೆದು, ಹಿಂದೆ ನಿಂತಿದ್ದ ಪೂರ್ತಿ ಬಸ್ಸೊಂದನ್ನು ತೋರಿಸಿದ. ಅದೇ ಮಣ್ಣಿನ ಮೇಲೆ ಮೂರು ವಾರದಿಂದ ನಿಂತಿದೆಯಂತೆ. ಅದರ ಗಾಲಿ ಎರಡು ಬೆರಳೂ ಇಳಿದಿರಲಿಲ್ಲ.

ಗಾಲಿ ಅಗಲ, ಕಾಲು ಸಣ್ಣ ಎಂದು ನಾನು ವಾದಿಸಿದೆ. ಅವನು ನನ್ನ ಮನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನ ಗೆಣ್ಣಿನಿಂದ ಗೋಡೆ ತಟ್ಟಿ, "ಇಮಾಮ್ ಭಾಯ್, ಇದರಾಗ ಮನುಷ್ಯಾರು ಮಲಗತಾರೋ, ಬ್ಯಾಂಕಿನವರು ರೊಕ್ಕ ಇಡತಾರೋ?" ಎಂದು ಕೇಳಿದ. ಅವನ ಹಿಂದಿಯನ್ನು ನಮ್ಮ ಮಾತಿನಲ್ಲಿ ಬರೆದಿದ್ದೇನೆ. ಯಾರ್ಡಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಅವನು ಸಾಹೇಬರ ಕಡೆ ತಿರುಗಿ, ಗಾಡಿಗೆ ಹತ್ತದಿದ್ದರೆ ಇದನ್ನು ತನಗೇ ಬಿಟ್ಟುಕೊಡಿ, ಭಾವಮೈದ ನದಿಯ ಘಾಟಿನ ದಾರಿಯಲ್ಲಿ ಚಹಾದ ಅಂಗಡಿ ಇಡಬೇಕೆಂದಿದ್ದಾನೆ, ಅಲ್ಲಾಡದ ಹಾಗೆ ಭದ್ರವಾಗಿದೆ ಎಂದ.

ನನಗೆ ಮೈ ಉರಿಯಿತು. ನಲವತ್ತು ವರ್ಷದಲ್ಲಿ ನನ್ನ ಕೆಲಸವನ್ನು ಚಹಾದಂಗಡಿಗೆ ಕೇಳಿದವನು ಇವನೊಬ್ಬನೇ. ಸಾಹೇಬರು ನಗಲೂ ಇಲ್ಲ, ಬೈಯಲೂ ಇಲ್ಲ. ಬಗ್ಗಿ, ನೆಲಕ್ಕಿಳಿದ ಕಾಲನ್ನು ಬಹಳ ಹೊತ್ತು ನೋಡಿದರು.

ಡಮ್ ಡಮ್

ಮರುದಿನ ಪಿಕಪ್ ನೋಡಲು ಡಮ್ ಡಮ್‌ಗೆ ಹೋದೆವು. ಅಲ್ಲೊಂದು ದೊಡ್ಡ ಅಂಗಳದಲ್ಲಿ ಹೊಸವು, ಸ್ವಲ್ಪ ಓಡಿದವು, ಎಲ್ಲ ಕಂಪನಿಯವೂ ನಿಂತಿದ್ದವು. ಮೇಲೆ ವಿಮಾನ ಹಾದಾಗಲೆಲ್ಲ ಅಂಗಡಿಯವನು ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದ. ಅಭ್ಯಾಸವಂತೆ.

ಪಿಕಪ್ ಆರಿಸುವುದು ಹೇಗೆ ಎಂದು ನನಗೆ ಗೊತ್ತಿತ್ತು. ಗಾಡಿಯ ಅಡಿ ಮಲಗಿ ಸ್ಪ್ರಿಂಗ್ ಪಟ್ಟಿ ಎಣಿಸಬೇಕು, ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಉಂಗುರ ಹಾಕಿದ ಬೆರಳಿನಿಂದ ಬಡಿದು ಸದ್ದು ಕೇಳಬೇಕು. ಹಾಗೆ ಮಾಡಿ ಒಂದು ಬಿಳಿಯ ಗಾಡಿ ಆರಿಸಿದೆ. ನಮ್ಮೂರಲ್ಲಿ ಹಾಲು, ತರಕಾರಿ ಹೊರುವಂಥದ್ದು. ಹದಿನೇಳು ನೂರು ಕಿಲೋ ಹೊರುತ್ತದೆ. ಹತ್ತಿ ನಿಂತು ಕುಣಿದೆ, ಒಂದಿಂಚೂ ಬಾಗಲಿಲ್ಲ.

ಕುಲಕರ್ಣಿ ಸಾಹೇಬರ ರೀತಿಯೇ ಬೇರೆ. ಅವರು ಯಾವ ಗಾಡಿಯನ್ನೂ ಮುಟ್ಟಲಿಲ್ಲ. ಬಾಗಿಲು ತೆರೆದು, ಅಂಚಿನಲ್ಲಿ ಹೊಡೆದ ಚಿಕ್ಕ ತಗಡನ್ನು ಕನ್ನಡಕ ಏರಿಸಿ ಓದಿ, ಅಂಕಿಯನ್ನು ಚೀಟಿಗೆ ಬರೆದುಕೊಂಡರು. ಖಾಲಿ ಗಾಡಿ ಎಷ್ಟು, ತುಂಬಿದ ಗಾಡಿ ಎಷ್ಟು, ಅಷ್ಟೇ. ವ್ಯಾಗನ್ನಿನ ಮೈಮೇಲೆ ಅವೆರಡನ್ನೂ ಬರೆದಿರುತ್ತಾರಲ್ಲ, ಅವರ ಜೀವನವೆಲ್ಲ ಅದನ್ನು ಓದುವುದರಲ್ಲೇ ಹೋಗಿತ್ತು.

ಅಕ್ಕಾರು ಸೀದಾ ಹೋಗಿ ಸೀಟಿನಲ್ಲಿ ಕೂತರು. ನನ್ನ ಬಿಳಿ ಗಾಡಿಯಲ್ಲಿ ಕೂತವರು ಅಂಗಳದಲ್ಲಿ ಒಂದು ಸುತ್ತು ಹೊಡೆಸಿಕೊಂಡು ಬಂದು ಸೊಂಟ ಹಿಡಿದುಕೊಂಡು ಇಳಿದರು. "ಗಾಡಿ ಏನೋ ಕುಣಿಯೂದಿಲ್ಲ, ಒಳಗ ಕೂತವರನ್ನ ಕುಣಸ್ತದ" ಎಂದರು. ಖಾಲಿ ಇರುವಾಗ ಹಾಗೆ, ಭಾರ ಬಿದ್ದರೆ ಮೆತ್ತಗಾಗುತ್ತದೆ ಎಂದು ಹೇಳಿದೆ. ಸೀಟಿನ ಬೆನ್ನೂ ಮೆತ್ತಗಾಗುತ್ತದೆಯೋ ಎಂದು ಕೇಳಿದರು. ನಾನು ಮುಂದಿನ ಗಾಡಿಯ ಕಡೆ ನಡೆದೆ.

ಇನ್ನೊಂದು ಕಪ್ಪಗೆ ಮಿರಿಮಿರಿ ಹೊಳೆಯುವ ಡಬಲ್ ಕ್ಯಾಬ್. ಒಳಗೆ ಸೋಫಾದ ಹಾಗೆ. ಆದರೆ ಹಿಂದಿನ ತೊಟ್ಟಿ ಗಿಡ್ಡ, ನನ್ನ ಮನೆಯ ಅರ್ಧ ಹೊರಗೇ ಜೋತಾಡಬೇಕು. ಹೊರುವ ಶಕ್ತಿ ನೋಡಿದರೆ ಐದು ನೂರು ಚಿಲ್ಲರೆ. ಇಷ್ಟು ದೊಡ್ಡ ಮೂಗು, ಇಷ್ಟೇ ಬೆನ್ನು ಎಂದು ನಾನು ದಂಗಾದೆ.

ಮೂರನೆಯದು ನಡುವಿನದು. ಮುಂದೆ ಎರಡು ಒಳ್ಳೆಯ ಸೀಟು, ಹಿಂದೆ ಒಬ್ಬ ಮಡಚಿಕೊಂಡು ಕೂರುವಷ್ಟು ಜಾಗ, ಉದ್ದನೆಯ ತೊಟ್ಟಿ. ಹನ್ನೆರಡು ನೂರು ಹೊರುತ್ತದೆ. ಅಕ್ಕಾರು ಅದರಲ್ಲಿ ಕೂತು ಕಣ್ಣು ಮುಚ್ಚಿ, ಇಳಿಯುವುದನ್ನೇ ಮರೆತರು. ಸಾಹೇಬರು ಚೀಟಿಯಲ್ಲಿ ಲೆಕ್ಕ ಹಾಕಿದರು. ಮನೆ ಎಂಟು ನೂರು, ನೀರು, ಗ್ಯಾಸು, ಸಾಮಾನು, ಹೆಂಡತಿ, ಎಲ್ಲ ಸೇರಿದರೂ ಒಳಗೇ ಬರುತ್ತದೆ. ಅಂಗಡಿಯವನು ಕಾಗದ ತರಲು ಎದ್ದ. ಸಾಹೇಬರು ಕೈ ತೋರಿಸಿ ಕೂರಿಸಿದರು. "ಮೊದಲು ತೂಕದ ಚೀಟಿ ಬರಲಿ" ಎಂದರು. ನನ್ನ ಮುಖ ನೋಡಲಿಲ್ಲ.

ತೂಕದ ಕಾಟಾ

ಸಣ್ಣ ಲಾರಿಯೊಂದನ್ನು ಬಾಡಿಗೆಗೆ ತಂದೆವು. ಲಾರಿಗಳು ಹತ್ತಿ ತೂಗುವ ಕಾಟಾ ಯಾರ್ಡಿನಿಂದ ದೂರವಿರಲಿಲ್ಲ. ಖಾಲಿ ಲಾರಿ ಎರಡು ಸಾವಿರದ ಒಂಬೈನೂರು. ವಾಪಸು ಬಂದು, ಕಾಲುಗಳ ಹಿಡಿ ತಿರುಗಿಸಿ ಮನೆಯನ್ನು ಎತ್ತರಿಸಿ, ಲಾರಿಯನ್ನು ಅಡಿ ತೂರಿಸಿ ಏರಿಸಿಕೊಂಡು ಹೋಗಿ ಮತ್ತೆ ನಿಲ್ಲಿಸಿದೆವು. ಕಿಟಕಿಯೊಳಗಿನ ಕೆಂಪು ಅಂಕಿಗಳು ಓಡಿ ಓಡಿ ನಿಂತವು. ನಾಲ್ಕು ಸಾವಿರದ ಮುನ್ನೂರ ಇಪ್ಪತ್ತು.

ಏಳನೇ ತರಗತಿಯ ಗಣಿತ ಸಾಕು ಅದಕ್ಕೆ. ಸಾವಿರದ ನಾಲ್ಕು ನೂರ ಇಪ್ಪತ್ತು.

ಕಾಟಾ ಕೆಟ್ಟಿದೆ ಎಂದೆ. ಕಾಟಾದವನು ಕೆಟ್ಟಿಲ್ಲ ಎಂದ. ಇನ್ನೊಂದು ಸಲ ತೂಗು ಎಂದೆ, ತೂಗಿದ. ಅಷ್ಟೇ. ಡ್ರೈವರ್ ಇಳಿಯಲಿ ಎಂದೆ. ಡ್ರೈವರ್ ಇಳಿದ, ಅರವತ್ತು ಕಡಿಮೆಯಾಯಿತು. ನನಗೆ ಒಂದು ಕ್ಷಣ ಜೀವ ಬಂತು. ಕಾಟಾದವನು ಬಹಳ ಮರ್ಯಾದೆಯಿಂದ, ದಾದಾ, ಅದು ಡ್ರೈವರನ ತೂಕ, ಖಾಲಿ ಲಾರಿಯಲ್ಲೂ ಅವನು ಕೂತಿದ್ದ ಎಂದ. ಹಿಂದೆ ಸಾಲಾಗಿ ನಿಂತ ಲಾರಿಗಳು ಹಾರನ್ ಬಾರಿಸುತ್ತಿದ್ದವು.

ಯಾರ್ಡಿಗೆ ಬರುವ ದಾರಿಯಲ್ಲಿ ನಾನೇ ಒಂದು ಉಪಾಯ ಹೇಳಿದೆ. ಆ ಮೂರನೇ ಗಾಡಿಯನ್ನೇ ತೆಗೆದುಕೊಳ್ಳೋಣ, ಹಿಂದೆ ಎರಡು ಸ್ಪ್ರಿಂಗ್ ಪಟ್ಟಿ ಹೆಚ್ಚಿಗೆ ಹಾಕಿಕೊಡುತ್ತೇನೆ, ನಮ್ಮ ಕಡೆ ಎಲ್ಲರೂ ಹಾಕಿಸುತ್ತಾರೆ, ಎರಡು ಟನ್ ಹಾಕಿದರೂ ಮಿಸುಕುವುದಿಲ್ಲ. ಸುಳ್ಳಲ್ಲ. ಇಂಥ ಗಾಡಿ ನೂರಾರು ಮಾಡಿದ್ದೇನೆ.

ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, "ಪಟ್ಟಿ ಹೆಚ್ಚಾದ್ರ ಬ್ರೇಕು ಹೆಚ್ಚಾಗ್ತದ ಏನು, ಇಮಾಮ್‌ಸಾಬ್?" ಎಂದರು.

ಅವರೇ ಮುಂದುವರಿಸಿದರು.

"ಬರೆದ ಅಂಕಿ ಮ್ಯಾಲ ಒಂದು ಚೀಲ ಹಾಕ್ಸು ಅಂತ ಮೂವತ್ತೈದು ವರ್ಷ ಜನ ನನ್ನ ಮುಂದ ನಿಂತು ಕೇಳ್ಯಾರ. ಒಂದು ಸಲಾನೂ ಹೂಂ ಅಂದಿಲ್ಲ. ಈಗ ಬಾಜೂ ಸೀಟಿನ್ಯಾಗ ಆಕೀನ್ನ ಕೂಡಿಸ್ಕೊಂಡು ಹೆಂಗ ಹೂಂ ಅನ್ಲಿ?"

ಬೈದಿದ್ದರೆ ಸಹಿಸುತ್ತಿದ್ದೆ.

ಬಸ್ಸಿನೊಳಗೆ

ಮರುದಿನ ಬೆಳಿಗ್ಗೆ ಅಕ್ಕಾರು ಚಹಾ ಕೊಟ್ಟು ಎದುರಿಗೆ ಕೂತರು. ಪರದೆಗಳ ಗಂಟು ಮೂಲೆಯಲ್ಲಿ ಹಾಗೇ ಇತ್ತು. ತೂಕದ ಸುದ್ದಿ ಅವರಿಗೆ ತಿಳಿದಿತ್ತು. "ಲೆಕ್ಕಾ ನನಗ ಬ್ಯಾಡ. ಹೋಗ್ತದೋ ಇಲ್ಲೋ, ಅಷ್ಟ ಹೇಳು" ಎಂದರು.

"ಹೊಕ್ಕೈತ್ರೀ ಅಕ್ಕಾರ" ಎಂದೆ. ನನ್ನ ಬಾಯಿಯಿಂದ ಬಂದ ಮಾತಿಗೆ ನಾನೇ ಬೆಚ್ಚಿದೆ. ಹೇಗೆ ಹೋಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ಒಬ್ಬನೇ ಬಸ್ಸು ಹಿಡಿದು ದಕ್ಷಿಣೇಶ್ವರಕ್ಕೆ ಹೊರಟೆ. ಅಲ್ಲಿಯ ಖಾಸಗಿ ಬಸ್ಸು ಹತ್ತುವುದು ಎಂದರೆ ಒಂದು ಕೈ ಒಳಗೆ, ಮೈ ಹೊರಗೆ. ಕಂಡಕ್ಟರ್ ಬಸ್ಸಿನ ಪಕ್ಕೆಗೆ ಪಟಪಟ ಹೊಡೆಯುತ್ತ ಊರುಗಳ ಹೆಸರು ಕೂಗುತ್ತಾನೆ. ಬಾಗಿಲಲ್ಲೇ ಏಳೆಂಟು ಜನ ಜೋತಾಡುತ್ತಿದ್ದರು. ಅದರಲ್ಲಿ ಒಬ್ಬರು ಒಂದು ಕೈಯಲ್ಲಿ ಪೇಪರ್ ಹಿಡಿದ ಮುದುಕರು, ಜೋತಾಡುತ್ತಲೇ ಓದುತ್ತಿದ್ದರು. ಹೇಗೋ ಸೀಟು ಸಿಕ್ಕಿ ತಲೆ ಎತ್ತಿ ನೋಡಿದೆ. ಚಾವಣಿಯಲ್ಲಿ ತೆಳ್ಳಗಿನ ಮರದ ಪಟ್ಟಿಗಳು. ಕಿಟಕಿಯ ಚೌಕಟ್ಟು ಮರ, ನೆಲ ಮರ. ಬೆರಳಿನಿಂದ ಗೋಡೆ ಒತ್ತಿದೆ, ತಗಡು ಒಳಗೆ ಹೋಗಿ ಹೊರಗೆ ಬಂತು. ಮುರಿದುಬೀಳಬೇಕಾಗಿತ್ತು ಈ ಬಸ್ಸು. ಆದರೆ ಮರ ಕಿರಗುಟ್ಟುತ್ತ ಜನರ ಭಾರಕ್ಕೆ ಬಾಗಿ, ತಿರುವು ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತಿತ್ತು. ರಿವೆಟ್ಟುಗಳ ಸಾಲು ನೋಡಿದೆ. ಒಂದೂ ಸಡಿಲಾಗಿರಲಿಲ್ಲ. ನನ್ನ ಸ್ಟಾಪು ದಾಟಿಹೋದದ್ದೂ ಗೊತ್ತಾಗಲಿಲ್ಲ.

ತಿರುಗಿ ನಡೆದು ಬರುವಾಗ ಬಿಸಿಲಿಗಿಂತ ನಾಚಿಕೆಯೇ ಹೆಚ್ಚು ಸುಟ್ಟಿತು. ಕಡ್ಡಿಪೆಟ್ಟಿಗೆ ಎಂದು ನಾನು ನಕ್ಕ ನಕ್ಷೆಯಲ್ಲಿ ಇದ್ದದ್ದು ಇದೇ.

ಮತ್ತೆ ಯಾರ್ಡು

ಹಾರಾಧನನ ಯಾರ್ಡಿನಲ್ಲಿ ಕ್ರೇನಿಲ್ಲ, ಚೈನ್ ಪುಲ್ಲಿಯೂ ಇಲ್ಲ. ಬಡತನ ಎಂದುಕೊಂಡಿದ್ದೆ. ಆವತ್ತು ನಿಂತು ನೋಡಿದೆ. ಅಲ್ಲೊಂದು ಪದ್ಧತಿ ಇದೆ. ಬಸ್ಸಿಗೆ ಕೂರಿಸುವ ಯಾವುದೇ ಭಾಗವನ್ನು ಅದನ್ನು ಮಾಡಿದವನೇ ಅಂಗಳದ ಆ ತುದಿಯಿಂದ ಈ ತುದಿಗೆ ಹೊತ್ತು ತರಬೇಕು. ನಡುವೆ ಇಳಿಸಬಾರದು. ಇಳಿಸಿದರೆ ಅದು ತಿರುಗಿ ಬೆಂಚಿಗೆ ಹೋಗುತ್ತದೆ, ತೆಳ್ಳಗಾಗಿ ಬರುತ್ತದೆ. ಬಸ್ಸಿನ ಇಡೀ ಒಂದು ಪಕ್ಕದ ಚೌಕಟ್ಟನ್ನು ಇಬ್ಬರು ತಲೆಯ ಮೇಲೆ ಇಟ್ಟುಕೊಂಡು, ಹೌರಾದಲ್ಲಿ ನೋಡಿದ ಹಮಾಲರ ಹಾಗೇ ಓಡಿ ಬಂದರು.

ನನ್ನ ಶೆಡ್ಡಿನಲ್ಲಿ ಎಲ್ಲ ಕ್ರೇನು ಎತ್ತುತ್ತದೆ. ನಾನು ಮಾಡಿದ್ದನ್ನು ನಾನು ಹೊತ್ತು ಎಷ್ಟು ವರ್ಷವಾಗಿತ್ತೋ.

ಹಾರಾಧನನ ಹತ್ತಿರ ಹೋಗಿ, ನಿನ್ನ ಕೆಲಸ ನನಗೆ ಕಲಿಸು ಎಂದೆ. ಹದಿಮೂರನೇ ವಯಸ್ಸಿನ ನಂತರ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಚಹಾದಂಗಡಿಯ ಮಾತು ತೆಗೆಯುತ್ತಾನೆ ಎಂದುಕೊಂಡಿದ್ದೆ. ಅವನು ಬೀಡಿ ಕೆಳಗಿಟ್ಟು, ನಿನ್ನ ಮನೆಯ ಬಾಗಿಲು ಬಿಚ್ಚಿ ಗೇಟಿನ ತನಕ ಹೊತ್ತುಕೊಂಡು ಹೋಗಿ ಬಾ ಎಂದ.

ಬಿಚ್ಚಿದೆ. ಹೊತ್ತೆ. ಅರ್ಧ ದಾರಿಯಲ್ಲಿ ಸೊಂಟ ಹಿಡಿಯಿತು. ಬಾಗಿಲನ್ನು ಕೆಳಗೆ ಹಾಕಿ ಅದರ ಮೇಲೇ ಕೂತುಬಿಟ್ಟೆ. ಯಾರೂ ನಗಲಿಲ್ಲ. ಅದೇ ಹೆಚ್ಚು ನೋಯಿಸಿತು.

ಸಂಜೆ ಫೋನು ಮಾಡಿ, ಮಾತು ಕೊಟ್ಟ ಹಾಗೆ ನಾನೇ ಒಡೆಯುತ್ತೇನೆ, ಹೊಸದಾಗಿ ಕಟ್ಟುತ್ತೇನೆ, ಕೂಲಿ ಕೇಳುವುದಿಲ್ಲ, ಹನ್ನೆರಡು ದಿನ ಕೊಡಿ ಎಂದು ಸಾಹೇಬರಿಗೆ ಹೇಳಿದೆ. ಅವರು, "ಒಡೀಬ್ಯಾಡ, ಬಿಚ್ಚು" ಎಂದರು.

ಬಿಚ್ಚಿದೆ. ಕಬ್ಬಿಣದ ಪೈಪುಗಳು ಹೋದವು, ದಪ್ಪ ಪ್ಲೈವುಡ್ ಹೋಯಿತು. ಹಾರಾಧನ್ ನನಗೆ ಹಗುರ ಮರ ಆರಿಸುವುದು, ಮೂಲೆಗೆ ಜೋಡಣೆ ಹಾಕುವುದು, ತಗಡನ್ನು ಎಳೆದು ಬಿಗಿ ಮಾಡಿ ರಿವೆಟ್ ಹೊಡೆಯುವುದು ತೋರಿಸಿದ. ಮೊದಲ ಮೂರು ದಿನ ನನ್ನ ರಿವೆಟ್ಟು ನೋಡಿ ತಲೆ ಅಲ್ಲಾಡಿಸಿದ, ನಾಲ್ಕನೇ ದಿನ ನೋಡದೇ ಹೋದ. ಅದೇ ಶಹಬ್ಬಾಸ್ ಎಂದು ತಿಳಿದುಕೊಂಡೆ. ಅಕ್ಕಾರೂ ಮೆಟ್ರೋ ಹಿಡಿದು ಬರತೊಡಗಿದರು. ಯಾರ್ಡಿನ ಪದ್ಧತಿ ಕೇಳಿದವರು ತಾವೂ ಸೆರಗು ಸಿಕ್ಕಿಸಿ ನಿಂತರು. ಮನೆಯೊಳಗೆ ಇಡುವ ಪ್ರತಿ ಹಲಗೆಯನ್ನೂ ಒಂದು ಸಲ ತಾವೇ ಎತ್ತಿ ನೋಡಬೇಕು, ತಮ್ಮ ಕೈಯಿಂದ ಎತ್ತಲಾಗದ್ದು ಬೇಡ ಎಂದರು.

ನನ್ನ ಸಾಗವಾನಿ ಕಪಾಟಿನ ಬಾಗಿಲಿನ ಸರದಿ ಬಂತು. ಅಕ್ಕಾರು ಹೂಬಳ್ಳಿಯ ಮೇಲೆ ಕೈಯಾಡಿಸಿದರು. ಎತ್ತಿದರು. ಎರಡು ಹೆಜ್ಜೆ ನಡೆದು ನಿಂತರು.

"ಭಾಳ ಚಂದ ಅದ, ಇಮಾಮ್‌ಸಾಬ್."

"ಬ್ಯಾಡ್ರಿ ಅಕ್ಕಾರ, ಇಳಸ್ರಿ" ಎಂದೆ.

ಆ ಬಾಗಿಲು ಈಗ ಹಾರಾಧನನ ಮನೆಯ ಗೋಡೆಯಲ್ಲಿದೆ. ಅದರ ಹಿಂದಿನ ಗೂಡಿನಲ್ಲಿ ಚಹಾದ ಗ್ಲಾಸುಗಳನ್ನು ಇಟ್ಟಿದ್ದಾನೆ.

ಹದಿಮೂರನೇ ದಿನ ಮತ್ತೆ ಕಾಟಾ. ಈ ಸಲ ಡ್ರೈವರನನ್ನು ಎರಡೂ ಸಲ ನಾನೇ ಇಳಿಸಿದೆ. ಅಂಕಿ ನಿಂತಿತು. ಎಂಟು ನೂರ ನಲವತ್ತು. ಕೊಟ್ಟ ಮಾತಿಗಿಂತ ನಲವತ್ತು ಹೆಚ್ಚು. ಇನ್ನೆರಡು ದಿನ ಕೊಡಿ, ಅದನ್ನೂ ತೆಗೆಯುತ್ತೇನೆ ಎಂದೆ. ಸಾಹೇಬರು ಚೀಟಿ ಮಡಚಿ ಜೇಬಿಗಿಟ್ಟರು. "ಸಾಕು. ಎಷ್ಟದನೋ ಅಷ್ಟು ಮನಿ ಮೈಮ್ಯಾಲ ಬರಿ. ಅಂದಾಜು ಬ್ಯಾಡ" ಎಂದರು. ಬಾಗಿಲ ಪಕ್ಕ ಬಿಳಿ ಬಣ್ಣದಲ್ಲಿ ನಾನೇ ಬರೆದೆ. ಅದೇ ಸಂಜೆ ಡಮ್ ಡಮ್‌ನಿಂದ ಆ ಮೂರನೇ ಗಾಡಿ ಬಂತು. ಕಾಲಿಳಿಸಿ, ಗಾಡಿ ಹಿಂದಕ್ಕೆ ತೂರಿಸಿ, ಮನೆಯನ್ನು ಕೂರಿಸಿದೆವು. ಅಕ್ಕಾರು ಒಳಗೆ ಪರದೆ ಕಟ್ಟಿದರು.

ಹೆಸರು ಹೇಳದ ಊರು

ನನ್ನನ್ನು ಊರಿಗೆ ಕಳಿಸುವ ಮುಂಚೆ ತಮ್ಮ ಮೊದಲನೇ ತಂಗುದಾಣಕ್ಕೆ ಕರೆದೊಯ್ದರು. ಹಿಂದಿನ ಸೀಟಿನಲ್ಲಿ ಮಡಚಿಕೊಂಡು ಕೂತವನು ನಾನೇ. ಹೌರಾ ದಾಟಿ, ಹೆದ್ದಾರಿ ಬಿಟ್ಟು, ಹಳಿಯ ಪಕ್ಕದ ಸಣ್ಣ ರಸ್ತೆ ಹಿಡಿದೆವು. ಅಕ್ಕಾರು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಹೊರಗೇ ನೋಡುತ್ತಿದ್ದರು. ಕೆಂಪು ಇಟ್ಟಂಗಿಯ ಹಳೇ ಕ್ಯಾಬಿನ್ ಕಂಡ ಕೂಡಲೇ ಏನೂ ಹೇಳದೆ ಸಾಹೇಬರ ತೋಳು ಮುಟ್ಟಿದರು. ಆ ಊರಿನ ಹೆಸರು ನನಗೆ ಗೊತ್ತು. ಬರೆಯಬಾರದು ಎಂದು ಅಕ್ಕಾರ ಅಪ್ಪಣೆ.

ಕೆರೆಯ ದಂಡೆ. ನೈದಿಲೆ ಇತ್ತು. ನೆಲ ಮುಟ್ಟಿ ನೋಡಿದೆ, ಅದೇ ಹಿಟ್ಟಿನಂಥ ಮಣ್ಣು. ನಾಲ್ಕೂ ಕಾಲು ಇಳಿಸಿದೆವು. ಸಾಹೇಬರು ಗಾಡಿಯನ್ನು ನಿಧಾನಕ್ಕೆ ಮುಂದೆ ತೆಗೆದರು. ಮನೆ ಒಂದು ಸಲ ಕಿರಗುಟ್ಟಿ ಸುಮ್ಮನಾಯಿತು. ನಾನು ಮೊಳಕಾಲೂರಿ ಒಂದೊಂದು ಕಾಲಿನ ಬುಡಕ್ಕೂ ಕಿರುಬೆರಳು ಹಾಕಿ ಅಳೆದೆ. ಉಗುರು ಮುಳುಗುವಷ್ಟು. ನಾಲ್ಕೂ ಕಡೆ ಅಷ್ಟೇ.

ಅಕ್ಕಾರು ಮೆಟ್ಟಿಲ ಹತ್ತಿರ ಬಂದು ನಿಂತರು. "ನಿಂತದ ಏನು?"

"ನಿಂತೈತ್ರೀ. ಹತ್ರಿ."

ಹತ್ತಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಎರಡು ಕಪ್ಪು ಮಾತ್ರ ಇವೆ, ಇಮಾಮ್‌ಸಾಬ್‌ಗೆ ಗ್ಲಾಸಿನಲ್ಲಿ ಕೊಡಲೇ ಎಂದು ಕೇಳಿದ ದನಿ ಬಂತು.

ಚಹಾ ಕುಡಿದು ಆ ಊರಿನಲ್ಲಿ ನಿಲ್ಲುವ ಒಂದು ಲೋಕಲ್ ಹಿಡಿದು ನಾನು ಹೌರಾಕ್ಕೆ ಹೊರಟೆ, ಅಲ್ಲಿಂದ ಹುಬ್ಬಳ್ಳಿಯ ರೈಲು. ರೈಲು ಸ್ಟೇಷನ್ ಬಿಟ್ಟು ಕ್ಯಾಬಿನ್ ದಾಟುವಾಗ ಕಿಟಕಿಯ ಸರಳಿಗೆ ಮುಖ ಒತ್ತಿ ನೋಡಿದೆ. ಕೆರೆ, ಬಿಳಿ ಹೂವು, ನಾಲ್ಕು ಕಾಲಿನ ಮೇಲೆ ಒಂದು ಮನೆ, ಮೆಟ್ಟಿಲ ಮೇಲೆ ಕೂತ ಹೆಂಗಸು. ಪಕ್ಕದಲ್ಲಿದ್ದವನು ಏನೋ ಕೂಗಿ ಬೆರಳು ತೋರಿಸಿದ, ಬೋಗಿಯಲ್ಲಿದ್ದವರೆಲ್ಲ ಎದ್ದು ಈ ಕಡೆ ಬಂದರು. ಅದನ್ನು ಕಟ್ಟಿದವನು ನಾನು ಎಂದು ಹೇಳಲು ಅವರ ಮಾತು ನನಗೆ ಬರುತ್ತಿರಲಿಲ್ಲ. ಅಕ್ಕಾರು ರೈಲಿನ ಕಡೆ ಕೈ ಬೀಸಿದರು. ನಾನು ಕೈ ಎತ್ತುವುದರೊಳಗೆ ಒಂದು ಬಿದಿರ ಮೆಳೆ ಅಡ್ಡ ಬಂತು.